ಟ್ರ್ಯಾಕ್ಟರ್ ಗೀತೆ

ಬೂದು ಕೋಟಿನ ಮುದುಕ ಇವತ್ತೂ ಬಂದು ಕೂತಿದ್ದ. ಸ್ಟುಡಿಯೋ ಬಾಗಿಲಿನ ಎದುರಿನ ಬೆಂಚು, ಮೊಣಕಾಲ ಮೇಲೆ ಟೊಪ್ಪಿ. ಮೊದಲೆರಡು ಹಾಡಿಗೆ ಅವನು ಅಲ್ಲಾಡಲಿಲ್ಲ. ಮೂರನೆಯದು ಶುರುವಾದದ್ದೇ ಎದ್ದು ಬಂದು ಬಾಗಿಲಿಗೆ ಕಿವಿ ಇಟ್ಟ.

"ಮತ್ತೆ ಅದೇ ಹಾಡಿಗೆ ಎದ್ದ ಕಣೋ," ಎಂದಳು ಹಾಡುವ ಜ್ಲಾತ್ಕಾ, ಬಾಗಿಲ ಗಾಜಿನತ್ತ ಓರೆಗಣ್ಣು ಹಾಕಿ.

ಗಿಟಾರಿನ ಓಗ್ನ್ಯಾನ್ ಗಾಜಿಗೆ ಕಾಣದಂತೆ ಪಕ್ಕಕ್ಕೆ ಸರಿದ. ಅವರ 'ಒದ್ದೆ ಇಟ್ಟಿಗೆ' ತಂಡಕ್ಕೆ ಸೋಫಿಯಾ ನಗರದ ಸರ್ಕಾರಿ ಸ್ಟುಡಿಯೋ ಸಿಕ್ಕಿದ್ದೇ ಆರು ವರ್ಷ ಕಾದ ಮೇಲೆ. ಶುಕ್ರವಾರ ಟೇಪು ಒಪ್ಪಿಗೆಗೆ ಕಲಾ ಮಂಡಳಿಯ ಮುಂದೆ ಹೋಗಬೇಕು. ಅಷ್ಟರಲ್ಲಿ ಯಾರಾದರೂ ಒಂದು ದೂರು ಕೊಟ್ಟರೆ ಮುಗಿಯಿತು. ಟೇಪು ಅಳಿಸಿ ಯಾವುದೋ ಮಕ್ಕಳ ಗಾನವೃಂದಕ್ಕೆ ಕೊಡುತ್ತಾರೆ. ಈ ತಂಡ ಮತ್ತೆ ವೇದಿಕೆ ಹತ್ತುವ ಹಾಗಿಲ್ಲ.

ದೂರಿಗೆ ಸಿಕ್ಕುವಂಥದ್ದು ಇದ್ದದ್ದು ಮೂರನೆಯ ಹಾಡಿನಲ್ಲೇ. ಹೊರದೇಶದ ರೇಡಿಯೋ ಹಾಕಿದರೆ ಮಾತು ಕೇಳಬಾರದೆಂದು ಸರ್ಕಾರ ಅದರ ಮೇಲೆ ಗೊರಗೊರ ಸದ್ದು ಬಿಡುತ್ತದಲ್ಲ, ಓಗ್ನ್ಯಾನ್ ಮನೆಯಲ್ಲಿ ಕೂತು ಅದನ್ನೇ ಟೇಪು ಮಾಡಿಕೊಂಡಿದ್ದ. ನಿಧಾನಗೊಳಿಸಿ ತಾಳಕ್ಕೆ ಕೂರಿಸಿದ್ದ. ಅದರ ಮೇಲೆ ಜ್ಲಾತ್ಕಾ ಹಳೆಯ ಕೊಯ್ಲಿನ ಪದವೊಂದನ್ನು ಎತ್ತಿಕೊಂಡಾಗ ಎಲ್ಲರಿಗೂ ಮೈ ಜುಮ್ಮೆಂದಿತ್ತು. ಮಂಡಳಿಗೆ ಕೊಟ್ಟ ಹೆಸರು ಮಾತ್ರ 'ಟ್ರ್ಯಾಕ್ಟರ್ ಗೀತೆ'.

ಸಿಗರೇಟಿಗೆಂದು ಹೊರಬಂದ ಓಗ್ನ್ಯಾನ್‌ನನ್ನು ಮುದುಕ ತಡೆದ. ಅವನ ಕೆಂಪು ಗುರುತುಚೀಟಿ ಕಂಡರೆ ಗೇಟಿನವನೂ ಎದ್ದು ನಿಲ್ಲುತ್ತಿದ್ದ.

"ಆ ಸದ್ದು ಎಲ್ಲಿಂದ ತಂದೆ ಮಗಾ?"

"ಟ್ರ್ಯಾಕ್ಟರ್, ಕಾಮ್ರೇಡ್. ನಮ್ಮೂರ ಸಹಕಾರಿ ತೋಟದ್ದು."

"ಟ್ರ್ಯಾಕ್ಟರಂತೆ!" ಮುದುಕ ನಕ್ಕ. "ಜನವರೀದು ಅದು. ಹಿಮ ಜೋರಾಗಿ ಬಿದ್ದ ವಾರದ್ದು, ನಡುನಡುವೆ ತೊದಲುತ್ತಲ್ಲ. ಸುಳ್ಳಾ?"

ಓಗ್ನ್ಯಾನ್ ಹಚ್ಚದ ಸಿಗರೇಟನ್ನು ಜೇಬಿಗೆ ಹಾಕಿಕೊಂಡ. ಟೇಪು ಮಾಡಿದ್ದು ಆ ವಾರವೇ.

"ತಾವು... ಎಲ್ಲಿ ಕೆಲಸ ಮಾಡೋದು?"

"ಸರ್ಕಾರದ್ದು. ಮನೇಲೂ ಹೇಳೋ ಹಾಗಿಲ್ಲ." ಮುದುಕ ಟೊಪ್ಪಿ ತಿರುಗಿಸಿದ. "ರೆಕಾರ್ಡಿನ ಕವರ್ ಮೇಲೆ ಮಾಡಿದೋರ ಹೆಸರು ಹಾಕ್ತಾರಲ್ವಾ?"

"ಹಾಕ್ತಾರೆ."

"ಯಾರನ್ನೂ ಬಿಡಬಾರದು ಮತ್ತೆ. ನಾಳೆ ಇನ್ನೊಬ್ಬರನ್ನ ಕರ್ಕೊಂಡು ಬರ್ತೀನಿ. ಅವರೂ ಒಂದ್ಸಲ ಕೇಳಲಿ."

ಒಳಗೆ ಬಂದವನೇ ಓಗ್ನ್ಯಾನ್ ಬಾಗಿಲು ಹಾಕಿದ. "ನಮ್ಮನೆಗೇ ಕಿವಿ ಇಟ್ಟಿದಾರೆ ಕಣೇ. ಯಾವ ವಾರ ಅಂತ್ಲೂ ಗೊತ್ತು ಅವನಿಗೆ. ಅಳಿಸಿಬಿಡೋಣ."

"ಅದನ್ನ ಅಳಿಸಿದ್ರೆ ಉಳಿಯೋದೇನೋ? ಮದುವೆಮನೆ ವಾದ್ಯ."

"ಅದಾದ್ರೂ ಉಳಿಯುತ್ತಲ್ಲ."

"ಹೇಡಿ," ಎಂದಳು ಜ್ಲಾತ್ಕಾ. ಆದರೆ ಅವನು ಗುಂಡಿ ಒತ್ತುವಾಗ ಕೈ ಹಿಡಿಯಲಿಲ್ಲ.

ಮನೆಯಲ್ಲಿದ್ದ ಮೂಲ ಟೇಪು ಒಲೆಗೆ ಹೋಯಿತು. ಬೆಳಿಗ್ಗೆ ಊರಾಚೆಯ ಎಲೆಕೋಸಿನ ಹೊಲಕ್ಕೆ ಹೋಗಿ ನಿಜವಾದ ಟ್ರ್ಯಾಕ್ಟರಿನ ಸದ್ದು ತಂದರು. ಜ್ಲಾತ್ಕಾ ಮುಖ ಗಂಟು ಹಾಕಿಕೊಂಡೇ ಅದರ ಮೇಲೆ ಹಾಡಿದಳು.

ಮಧ್ಯಾಹ್ನ ಮುದುಕ ಬಂದ. ಹಿಂದೆ ಅಧಿಕಾರಿಯಿರಲಿಲ್ಲ, ಹಬ್ಬದ ತಲೆವಸ್ತ್ರ ಕಟ್ಟಿದ ದಪ್ಪನೆಯ ಹೆಂಗಸೊಬ್ಬಳಿದ್ದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ, ಆಗಷ್ಟೇ ಸುಟ್ಟ, ಚೀಸ್ ತುಂಬಿದ ಬನೀತ್ಸಾ ರೊಟ್ಟಿಯ ಬೆಣ್ಣೆ ವಾಸನೆ. ಓಗ್ನ್ಯಾನ್ ತಾನೇ ಬಾಗಿಲು ತೆರೆದು ಇಬ್ಬರಿಗೂ ಕುರ್ಚಿ ಹಾಕಿದ. ಹಾಡು ಹಚ್ಚಿದ.

ಡುಗು ಡುಗು ಡುಗು.

ಮುದುಕ ಅರ್ಧ ಎದ್ದ, ಕೂತ. ಸ್ಪೀಕರಿನ ಹಿಂದೆ ಏನಾದರೂ ಇದೆಯೇನೋ ಎಂಬಂತೆ ನೋಡಿದ.

"ಹೇಳ್ಲಿಲ್ವಾ ಕಾಮ್ರೇಡ್, ಟ್ರ್ಯಾಕ್ಟರೇ," ಎಂದ ಓಗ್ನ್ಯಾನ್.

"ನಿನ್ನೇದು ಎಲ್ಲಿ?"

"ಎಂಥಾ ನಿನ್ನೇದು? ಅಂಥದ್ದೊಂದು ಇದ್ರೂ ಒಂದು ಚೂರು ಉಳಿದಿಲ್ಲ. ಬೇಕಾದ್ರೆ ಹುಡುಕಿ."

ಹೆಂಗಸು ಮುದುಕನ ತೋಳು ಜಗ್ಗಿದಳು. "ಏನ್ರೀ ಇದು? ಇಷ್ಟು ವರ್ಷ ಗುಟ್ಟು ಗುಟ್ಟು ಅಂತ ನೀವು ಓಡಿಸ್ತಿದ್ದದ್ದು ಟ್ರ್ಯಾಕ್ಟರಾ?"

"ಅಲ್ಲ ಕಣೇ," ಎಂದ ಮುದುಕ, ಟೊಪ್ಪಿಯೊಳಗೆ ನೋಡುತ್ತ. "ರೇಡಿಯೋ ಮೇಲೆ ಗೊರಗೊರ ಬರುತ್ತಲ್ಲ, ಅದನ್ನ ಬಿಡೋನು ನಾನು. ಇಪ್ಪತ್ತು ವರ್ಷ ಊರೆಲ್ಲ ಶಾಪ ಹಾಕಿ ಆಫ್ ಮಾಡಿದ್ರು. ಈ ಮಕ್ಕಳಷ್ಟೇ ಅದನ್ನ ಹಾಡು ಅಂತ ಕೇಳಿದ್ದು."