ಮಿಲಿಟರಿ ಲಾರಿಯ ನಟ್ಟು

“ನಿನ್ನ ಕೈ ದಪ್ಪ ಕಣೋ, ತೆಗಿ ಆಚೆ,” ಅಂದ ಅಪ್ಪ. ಬಾಪೂಜಿ ನಗರದ ನಮ್ಮ ಗ್ಯಾರೇಜಿನಲ್ಲಿ ಹಳೇ ಮಿಲಿಟರಿ ಲಾರಿಯೊಂದನ್ನು ರಿಪೇರಿ ಮಾಡುತ್ತಿದ್ದ. ಇಂಜಿನ್ನಿನ ಸಂದಿಗೆ ನಟ್ಟು ಬಿದ್ದಿತ್ತು. ಅಂಥದ್ದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

ತಂಗಿ ಬಂದು ಪುಟ್ಟ ಕೈ ಹಾಕಿ ತೆಗೆದಳು.

“ಮೆಕ್ಯಾನಿಕ್ ಅಂದ್ರೆ ಇವಳು ನೋಡು,” ಅಂತ ಅಪ್ಪ ಸೀಮೆಎಣ್ಣೆ ಬಟ್ಟೆಯಲ್ಲಿ ಅವಳ ಬೆರಳುಗಳನ್ನು ಒಂದೊಂದಾಗಿ ಒರೆಸಿದ. ಗ್ರೀಸ್ ಮೆತ್ತಿದ ನನ್ನ ಕೈಯನ್ನೂ ಚಾಚಿದೆ.

“ನಲ್ಲಿ ಹತ್ರ ಹೋಗಿ ತೊಳ್ಕೊ.”

ಇವತ್ತಿಗೂ ಸೀಮೆಎಣ್ಣೆ ವಾಸನೆ ಬಂದರೆ ಹೊಟ್ಟೆ ಉರಿಯುತ್ತದೆ.

ಅಪ್ಪ ಟೀಗೆ ಹೋದಾಗ ಆ ನಟ್ಟನ್ನು ಮತ್ತೆ ಅದೇ ಸಂದಿಗೆ ಹಾಕಿದೆ, ನಾನೇ ತೆಗೆದು ತೋರಿಸಬೇಕೆಂದು. ಮುಂಗೈ ತರಚಿ ರಕ್ತ ಬಂತು, ನಟ್ಟು ಬರಲಿಲ್ಲ. ಅಪ್ಪ ಬಂದ, ನೋಡಿದ, ತಂಗಿಯನ್ನು ಕೂಗಿದ.

ಇಷ್ಟೇ. ಇನ್ನು ಹೇಳುವುದಕ್ಕೆ ಏನೂ ಇಲ್ಲ.