ಯಾರಿಗೂ ಹೇಳಬಾರದ ನಂಬರು

"ಪಿನ್ ನಂಬರನ್ನ ಯಾರಿಗೂ ಹೇಳಬಾರದು. ಗಂಡನಿಗೂ," ಎಂದರು ಮೇಡಂ.

ಸಮುದಾಯ ಭವನದ ಚಾಪೆಯ ಮೇಲೆ ಕೂತಿದ್ದ ಗಾರ್ಮೆಂಟ್ಸ್ ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕರು. ಚೆಲುವಮ್ಮ ನಗಲಿಲ್ಲ. ಹಣಕಾಸಿನ ಪಾಠ ಮುಗಿದು ಎಲ್ಲರೂ ಹೋದರೂ ಅವಳೊಬ್ಬಳು ಉಳಿದಳು.

"ನನ್ನ ಸಂಬಳದ ಕಾರ್ಡು ಇರೋದೇ ನಮ್ಮ ಯಜಮಾನರ ಹತ್ರ ಮೇಡಂ. ಚಪ್ಪಲಿ ಕಿತ್ತೋದ್ರೆ, ಕಿತ್ತೋಗಿರೋದನ್ನ ತೋರಿಸಿದ ಮೇಲೇನೇ ಹೊಸದಕ್ಕೆ ದುಡ್ಡು ಕೊಡೋದು. ಇವತ್ತು ಒಗೆಯೋಕೆ ಹಾಕಿದ್ದ ಅಂಗಿ ಜೇಬಲ್ಲಿ ಸಿಕ್ತು, ತಂದುಬಿಟ್ಟೆ."

ಸೆರಗಿನ ಗಂಟು ಬಿಚ್ಚಿ ಕಾರ್ಡ್ ತೋರಿಸಿದಳು.

"ನಂಬರ್ ಗೊತ್ತಾ?"

"ಅವರು ಒತ್ತುವಾಗ ನೋಡಿದ್ದೀನಿ."

"ಹಾಗಾದ್ರೆ ಈಗಲೇ ಬದಲಾಯಿಸು. ಹೆದರಿಕೊಂಡು ಎಷ್ಟು ದಿನ ಇರ್ತೀಯ? ನಿನ್ನ ದುಡಿಮೆ, ನಿನ್ನ ದುಡ್ಡು. ನಡಿ."

ಎಟಿಎಂ ರಸ್ತೆಯ ಆಚೆಗಿತ್ತು. ಮಧ್ಯಾಹ್ನದ ಬಿಸಿಲಿಗೆ ಡಾಂಬರು ಕಾದಿತ್ತು. ಮೇಡಂ ಬರಿಗಾಲಲ್ಲೇ ಇಳಿದರು.

"ಚಪ್ಪಲಿ, ಮೇಡಂ?"

"ಇರಲಿ, ಎದುರಿಗೇ ಅಲ್ವಾ."

ಮಷೀನಿನ ಮುಂದೆ ಚೆಲುವಮ್ಮ ಕಾರ್ಡನ್ನು ಸೆರಗಿನಲ್ಲಿ ಒರೆಸುತ್ತಾ ನಿಂತಳು. "ಯಾಕೋ ಭಯ ಆಗ್ತಿದೆ. ಮೊದಲು ನಿಮ್ಮ ಕಾರ್ಡ್ ಹಾಕಿ ತೋರಿಸಿ ಮೇಡಂ, ನೋಡ್ಕೊಂಡು ನಾನೂ ಮಾಡ್ತೀನಿ."

ಮೇಡಂ ಬ್ಯಾಗಿನ ಜಿಪ್ ಎಳೆದರು. ಎಳೆದು ಹಾಗೇ ನಿಂತರು. ಚೆಲುವಮ್ಮ ಇಣುಕಿ ನೋಡಿದಳು. ಒಳಗೆ ಕಾರ್ಡ್ ಇರಲಿಲ್ಲ. ಹಳೇ ಪೇಪರಿನಲ್ಲಿ ಸುತ್ತಿಟ್ಟ ಚಪ್ಪಲಿ ಇತ್ತು, ಉಂಗುಟ ಕಿತ್ತುಹೋಗಿತ್ತು.

"ಮನೇಲಿ ತೋರಿಸ್ಬೇಕಲ್ಲ," ಎಂದರು ಮೇಡಂ.