ಹೊಗಳಿದರೆ ಹೊರಡುವ ಕಾರು

ಕಂಪನಿಗಳು ವಿಮರ್ಶೆಗೆಂದು ಕೊಡುವ ಕಾರುಗಳು ಟೀಕೆ ಕೇಳಿದ ಕೂಡಲೇ ನಿಲ್ಲುತ್ತವೆ, ಹೊಗಳಿದ ಮೇಲೆಯೇ ಹೊರಡುತ್ತವೆ. ಹಾಗಾಗಿ ಸುಳ್ಳು ಹೊಗಳದ ಪತ್ರಕರ್ತೆ ನೀಲಗಂಗಾ, ದಾರಿಯಲ್ಲಿ ಕಾರು ನಿಂತರೆ ಇರಲಿ ಎಂದು ರೊಟ್ಟಿ ಬುತ್ತಿ ಕಟ್ಟಿಕೊಂಡೇ ಬರುತ್ತಾಳೆ.

ಗದಗದ ಹತ್ತಿರ ಇಳಿಜಾರಿನಲ್ಲಿ ಎಮ್ಮೆಗಳು ಅಡ್ಡ ಬಂದವು. ಆಕೆ ಬ್ರೇಕ್ ತುಳಿದಳು. ಕಾರು ಓಡುತ್ತಲೇ ಇತ್ತು.

"ಇದರ ಮನಿ ಹಾಳಾಗ್ಲಿ, ಬ್ರೇಕೇ ಹಿಡಿವಲ್ದು!" ಎಂದು ಕಿರುಚಿದಳು.

ಕಾರು ಗಕ್ಕನೆ ನಿಂತಿತು. "ಒಂದು ಒಳ್ಳೆಯ ಮಾತು ಹೇಳಿ ಮೇಡಂ, ಜಾಹೀರಾತಿಗೆ ಬೇಕು," ಎಂದಿತು.

ಪಕ್ಕದಲ್ಲಿದ್ದ ಫೋಟೊಗ್ರಾಫರ್ ಇಮಾಮಸಾಬ ಬೆವರು ಒರೆಸಿಕೊಂಡ. "ಹೇಳಿಬಿಡ್ರಿ ಅಕ್ಕಾರ, ಊರು ಇನ್ನೂ ಎಂಟು ಕಿಲೋಮೀಟರ್ ಐತಿ."

"ನಡಿಯೋ ತಮ್ಮಾ, ಕಾಲು ನಮ್ಮವು ಅದಾವು, ಕಂಪನಿವಲ್ಲ!"

ಇಬ್ಬರೂ ನಗುತ್ತ ನಡೆದರು. ಮರುದಿನ ಪತ್ರಿಕೆಯಲ್ಲಿ ಆಕೆಯ ವಿಮರ್ಶೆ ಒಂದೇ ಸಾಲಿನದಾಗಿತ್ತು: "ಈ ಕಾರು ಬ್ರೇಕ್ ತುಳಿದರೆ ನಿಲ್ಲುವುದಿಲ್ಲ, ಬೈದರೆ ನಿಲ್ಲುತ್ತದೆ, ಕೊಳ್ಳುವವರು ಮೊದಲು ಬೈಗುಳ ಕಲಿತುಕೊಳ್ಳಿ."